ತಪ್ಪು ಡಿಸ್ಕಿನದಲ್ಲ

ಮಾರ್ಚ್ 3, ಸಂಜೆ

ಮತ್ತೆ ಅದೇ ಬೀಪ್. ಮೂರನೇ ಡಿಸ್ಕ್ ಕಾಣೆ. ಆಫ್ ಮಾಡಿ ಆನ್ ಮಾಡಿದೆ. ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ವಾಪಸ್ ಬಂದು ಕೂತಿದೆ, ಕಳ್ಳ.

ಮೆಟ್ಟಿಲ ಕೆಳಗೆ, ಪೊರಕೆ, ಇಸ್ತ್ರಿ ಟೇಬಲ್ ಪಕ್ಕದಲ್ಲಿ ನಮ್ಮ ಸರ್ವರ್. ನಾಲ್ಕು ಡಿಸ್ಕ್. ಒಂದು ಕೈಕೊಟ್ಟರೆ ಉಳಿದ ಮೂರು ಸಂಭಾಳಿಸುತ್ತವೆ. ಆಪರೇಷನ್‌ಗೆ ಮುಂಚೆ ಭಾಮೈದ ಕಟ್ಟಿಕೊಟ್ಟದ್ದು. ಧ್ವನಿಪೆಟ್ಟಿಗೆ ತೆಗೀಲೇಬೇಕು ಅಂತ ಡಾಕ್ಟರ್ ಹೇಳಿದ ದಿನದಿಂದ ನಾನು ಮೈಕ್ ಮುಂದೆ ಓದಿದ್ದೇ ಓದಿದ್ದು. ಪೇಪರ್, ಫಿಸಿಕ್ಸ್ ಪಾಠ, ಕೊನೆಗೆ ವಾಷಿಂಗ್ ಮೆಷಿನ್ ಜೊತೆ ಬಂದ ಪುಸ್ತಕ ಕೂಡ. ಎಲ್ಲ ಇದರೊಳಗಿದೆ. ಗಾಯ ಮಾಗಲಿ, ಆಮೇಲೆ ಫೈಲ್ ತನ್ನಿ ಅಂದಿದ್ದಾರೆ ಥೆರಪಿಸ್ಟ್ ಮೇಡಂ. ಟೈಪ್ ಮಾಡಿದರೆ ಫೋನು ನನ್ನದೇ ಧ್ವನಿಯಲ್ಲಿ ಮಾತಾಡುತ್ತಂತೆ. ಹಾಗಾದರೆ ಜೂನ್‌ಗೆ ಕ್ಲಾಸು. ಇಲ್ಲವಾದರೆ ಲೈಬ್ರರಿಯಲ್ಲಿ ಕೂತುಬಿಡಿ — ಹೆಡ್‌ಮಾಸ್ಟರ ಮಾತು.

ಮಾರ್ಚ್ 5

ಭಾಮೈದನಿಗೆ ನನ್ನವಳ ಕೈಲಿ ಫೋನ್ ಮಾಡಿಸಿದೆ. ಸ್ಪೀಕರ್‌ನಲ್ಲಿ.

"ಡಿಸ್ಕ್ ಹೋಗಿರುತ್ತೆ ಭಾವ. ಹೊಸದು ಹಾಕಿ. ಡೇಟಾ ತಾನೇ ತುಂಬ್ಕೊಳ್ಳುತ್ತೆ."

ಕಂಪ್ಯೂಟರ್‌ನಲ್ಲೇ ಹುಟ್ಟಿ ಬೆಳೆದವನ ಹಾಗೆ ಮಾತಾಡ್ತಾನೆ. ಸರಿ. ತರಿಸೋಣ.

ಮಾರ್ಚ್ 9, ಭಾನುವಾರ

ಹೊಸ ಡಿಸ್ಕ್ ಹಾಕಿದೆ. ಅರ್ಧ ತುಂಬಿತು… ಬೀಪ್. ಹೊಸದೂ ಮಾಯ!

"ಒಂದೊಂದ್ಸಲ ಹೊಸದೂ ಕೆಟ್ಟಿರುತ್ತೆ ಭಾವ. ವಾಪಸ್ ಕೊಟ್ಟು ಬೇರೆ ತನ್ನಿ."

ಅನುಮಾನ ಬಂತು. ಬಿಚ್ಚಿಟ್ಟ ಹಳೇ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪರೀಕ್ಷೆ ಮಾಡಿದೆ. ಗುಂಡುಕಲ್ಲು. ಒಂದು ಕಲೆ ಇಲ್ಲ.

ಇವಳು ಕಾಫಿ ತಂದಿಟ್ಟಳು. "ಯಾಕ್ರೀ ಅಷ್ಟು ತಲೆ ಕೆಡಿಸ್ಕೋತೀರಾ? ತಮ್ಮನ ಮನೇಲಿ ಇನ್ನೊಂದು ಕಾಪಿ ಇದೆಯಲ್ಲ."

ನಿಜ. ಕಾಪಿ ಮಾಡಿ ಇಟ್ಕೊಳ್ತೀನಿ ಅಂತ ಆಪರೇಷನ್‌ಗೆ ಹೋಗೋ ಹಿಂದಿನ ದಿನ ಅವನು ಮಾತು ಕೊಟ್ಟಿದ್ದ. ಕಾಫಿ ಕುಡಿದೆ.

ಮಾರ್ಚ್ 10

ಲ್ಯಾಬ್‌ನಲ್ಲಿ ಮಕ್ಕಳಿಗೆ ಬಡ್ಕೊಳ್ತಿದ್ದೆ: ಒಂದು ಸಲಕ್ಕೆ ಒಂದೇ ಬದಲಾಯಿಸಿ. ನಾನೂ ಹಾಗೇ ಮಾಡಿದೆ. ಡಿಸ್ಕ್‌ಗಳ ಜಾಗ ಅದಲುಬದಲು — ಬೀಳೋದು ಮೂರನೇ ಜಾಗದ್ದೇ, ಯಾವ ಡಿಸ್ಕ್ ಇಟ್ಟರೂ. ಕೇಬಲ್ ಬದಲಾಯಿಸಿದೆ. ಅದೇ ಕತೆ. ಇನ್ನು ಉಳಿದಿದ್ದು ಡಿಸ್ಕ್‌ಗಳನ್ನೆಲ್ಲ ಆಡಿಸೋ ಕಂಟ್ರೋಲರ್ ಕಾರ್ಡ್. ಮುಟ್ಟಿದೆ. ಬೆರಳು ಚುರ್ ಅಂತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಡಿಸ್ಕ್‌ಗಳನ್ನು ಎಷ್ಟು ಬೈದೆ!

ಆಫ್ ಮಾಡೋಷ್ಟರಲ್ಲಿ ಎರಡನೇದೂ ಬಿತ್ತು. ಎರಡು ಹೋದರೆ ಮುಗೀತು. ಫೋಲ್ಡರ್ ತೆರೀತಿಲ್ಲ. ಒಂದೂ.

ಮಾರ್ಚ್ 11

ಭಾಮೈದ ಬಂದ. ಕಾರ್ಡ್ ಅವನ ಕೈಗಿಟ್ಟು ಸ್ಲೇಟಲ್ಲಿ ಬರೆದೆ: ಎಲ್ಲಿಂದ ತಂದಿದ್ದು?

"ಆಫೀಸಿಂದ ಭಾವ. ತೆಗೆದು ಬಿಸಾಕಿದ್ರು."

ಯಾಕೆ?

ಕಿವಿ ತುರಿಸಿಕೊಂಡ. "ಆಗಾಗ ಡಿಸ್ಕ್ ಬೀಳ್ತಿತ್ತು… ಮನೇಲಿ ಅಷ್ಟು ಲೋಡ್ ಇರಲ್ಲ, ನಡೆಯುತ್ತೆ ಅಂದ್ಕೊಂಡೆ."

ಗೊತ್ತಿತ್ತು! ಗೊತ್ತಿದ್ದೂ ಡಿಸ್ಕ್ ಬದಲಾಯಿಸಿ, ಡಿಸ್ಕ್ ಬದಲಾಯಿಸಿ ಅಂತ ಆಡಿಸಿದ. ಹಲ್ಲು ಕಚ್ಚಿಕೊಂಡು ಬರೆದೆ: ಹಾಳಾಗಲಿ. ನಿನ್ನ ಮನೇಲಿರೋ ಕಾಪಿ ತಾ.

ಅವನು ನನ್ನ ನೋಡಲಿಲ್ಲ. ಇವಳ ಕಡೆ ತಿರುಗಿದ.

"ಅಕ್ಕಾ… ನೀನು ಭಾವಂಗೆ ಹೇಳಿಲ್ವಾ?"

ಇವಳು ಒಣಗಿದ ಬಟ್ಟೆ ಮಡಿಸ್ತಿದ್ದಳು. ಟವೆಲ್ ಮಡಿಸಿದಳು, ಬಿಚ್ಚಿದಳು, ಮತ್ತೆ ಅದನ್ನೇ ಮಡಿಸಿದಳು.

"ಕಾಪಿ ಮಾಡೇ ಇಲ್ಲ ಅಂತ ಆಪರೇಷನ್ ಆದ ವಾರ ಹೇಳ್ದ. ನೀವು ಟ್ಯೂಬ್ ಹಾಕ್ಕೊಂಡು ಮಲಗಿದ್ರಿ. ಆ ಹೊತ್ತಲ್ಲಿ ಹೇಗ್ರೀ ಹೇಳ್ಲಿ? ಆಮೇಲೆ ಮಾಡ್ತೀನಿ ಅಂದ. ಮಾಡ್ತಾನೆ ಅಂತ ನಾನೂ…"

ಮೊನ್ನೆ ಕಾಫಿ ಕೊಡುವಾಗ? ಮೊನ್ನೆ ನನಗೆ ಟ್ಯೂಬ್ ಇತ್ತಾ?

ಬರೆದು ಎತ್ತಿ ಹಿಡಿದೆ. ಅವಳು ಕಿಟಕಿ ಕಡೆ ತಿರುಗಿಬಿಟ್ಟಳು. ಎದುರಿನವರು ಮುಖ ತಿರುಗಿಸಿದರೆ ನಾನು ಸುಮ್ಮನಾದ ಹಾಗೇ ಲೆಕ್ಕ. ಸ್ಲೇಟ್ ಹಿಡಿದು ನಿಂತೇ ಇದ್ದೆ. ಭಾಮೈದ ಚಪ್ಪಲಿ ಮೆಟ್ಟಿಕೊಂಡ ಸದ್ದು ಕೇಳಿಸಿತು.

ಮಾರ್ಚ್ 12

ನಂಬಿಸಿ ಕತ್ತು ಕೊಯ್ಯೋದು ಅಂತಾರಲ್ಲ. ನನ್ನದನ್ನು ಡಾಕ್ಟರ್ ಆಗಲೇ ಕೊಯ್ದಿದ್ದರು. ಇವರು ಸುಮ್ಮನೆ ಶ್ರಮ ತಗೊಂಡರು.

ಮಾರ್ಚ್ 19

ಭಾಮೈದನ ಫೋನ್ ಬರ್ತಾನೇ ಇದೆ. ಎತ್ತಲ್ಲ. ಎತ್ತಿ ತಾನೇ ಏನು ಮಾತಾಡಲಿ?

ಬಿಚ್ಚಿಟ್ಟಿದ್ದ ಕಾರ್ಡನ್ನು ಕಸಕ್ಕೆಸೆದೆ. ನಾಲ್ಕೂ ಹಳೇ ಡಿಸ್ಕ್‌ಗಳನ್ನು ನೇರ ಮದರ್‌ಬೋರ್ಡಿಗೇ ಸಿಕ್ಕಿಸಿದೆ. ಅದರಲ್ಲೇ ಜಾಗ ಇತ್ತು. ಆ ಕಾರ್ಡ್ ಬೇಕಾಗೇ ಇರಲಿಲ್ಲ! ಒಂದಕ್ಷರ ಬರೆಯೋಕೆ ಬಿಡದೆ, ಓದೋಕೆ ಮಾತ್ರ ಅಂತ ಕಟ್ಟುಹಾಕಿ ಎಬ್ಬಿಸಿದೆ.

ತೆರೀತು. ಪ್ಲೇ ಒತ್ತಿದೆ. "ಬೆಳಕು ನೀರೊಳಗೆ ಹೋಗುವಾಗ…" ನಾನೇ. ನಾನೇ! ಮರುಕ್ಷಣ ಮರಳು ಸುರಿದ ಸದ್ದು. ಮುಂದಿನ ಫೈಲ್, ಬರೀ ಮರಳು. ಅದರ ಮುಂದಿನದು ಚೆನ್ನಾಗಿದೆ. ಸುಮಾರು ಅರ್ಧ ಹೋಗಿದೆ. ವಾಷಿಂಗ್ ಮೆಷಿನ್ ಪುಸ್ತಕ ಪೂರ್ತಿ ಉಳಿದಿದೆ.

ಇವಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡೆ.

ಏಪ್ರಿಲ್ 2

ಉಳಿದದ್ದನ್ನು ಮೇಡಂಗೆ ಕೊಟ್ಟೆ. "ಕಮ್ಮಿ ಆಯ್ತು ಸರ್. ಪ್ರಯತ್ನ ಮಾಡೋಣ."

ಮನೆಯಲ್ಲಿ ಊಟ, ಔಷಧಿ, ಬಟ್ಟೆ, ಎಲ್ಲ ಸರಿಯಾಗಿ ನಡೀತಿದೆ. ಸ್ಲೇಟ್ ಮಾತ್ರ ಖಾಲಿ.

ಏಪ್ರಿಲ್ 28

ಧ್ವನಿ ಸಿದ್ಧ. ಇವಳೂ ಬಂದಳು. ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

"ಏನಾದ್ರೂ ಟೈಪ್ ಮಾಡಿ ಸರ್" ಅಂದರು ಮೇಡಂ.

ಇವಳು ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಟೈಪ್ ಮಾಡಿದೆ. ಒತ್ತಿದೆ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಸ್ವಲ್ಪ ನೆಗಡಿ ಆದ ಹಾಗಿದೆ. ಆದರೆ ನಾನೇ. ಕೊನೆಗೆ ಗದರಿಸೋ ಆ ಎಳೆತ ಕೂಡ ನಂದೇ.

ಮೇಡಂ ನಗು ನಿಲ್ಲಿಸಿ ನೆಲ ನೋಡಿದರು. ಇವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿತು. ಉತ್ತರ ಬರುತ್ತೆ ಅಂತ ಕಾದೆ.

"ಇನ್ನೊಂದ್ಸಲ ಹೇಳ್ರೀ" ಅಂದಳು.

ಕೋಪ ನೆತ್ತಿಗೇರಿತು. ಕೇಳಿದ್ದೇನು, ಇವಳು… ಆದರೂ ಬೆರಳು ಅದೇ ಬಟನ್ ಮೇಲೆ. ಒತ್ತಿದೆ. ಅವಳು ಕಣ್ಣು ಮುಚ್ಚಿಕೊಂಡು, ಬೈಗುಳ ಅಲ್ಲವೇನೋ ಅನ್ನೋ ಹಾಗೆ, ನನ್ನ ತೋಳು ಹಿಡಿದು ಕೊನೇವರೆಗೂ ಕೇಳಿಸಿಕೊಂಡಳು.