ಪಾಪುವಿನ ಬೆನ್ನಿನ ಬಾಸುಂಡೆ

ಅತ್ತೆಯವರಿಗೆ ನಮಸ್ಕಾರ.

ಪಾಪುವೂ ನಾನೂ ಎಲ್ಲಿದ್ದೇವೆಂದು ಬರೆಯುವುದಿಲ್ಲ. ನಿಮ್ಮ ಮಗ ಕೈ ತಿರುಚಿಯಾದರೂ ನಿಮ್ಮ ಬಾಯಿ ಬಿಡಿಸಿಯಾನು.

ಬೆನ್ನಿನ ಬಾಸುಂಡೆ ನೋಡಿ ನೀವು, "ತೊಟ್ಟಿಲ ಕಂಬಿ ತಾಗಿರ್ಬೇಕು ಕಣೇ, ಓದಿದೋಳು ಅಂತ ಎಲ್ಲದಕ್ಕೂ ರಂಪ ಮಾಡ್ಬೇಡ" ಎಂದಿರಿ. ನಂಬಲು ನೋಡಿದೆ, ನಿದ್ದೆ ಹತ್ತಲಿಲ್ಲ. ಲ್ಯಾಬಿನಲ್ಲಿ ಎಲೆಗಳ ಅಂಚು ಅಳೆಯುವ ನನ್ನ ಕಂಪ್ಯೂಟರ್ ಪ್ರೋಗ್ರಾಮಿಗೆ, ಸ್ಕೇಲ್ ಇಟ್ಟು ತೆಗೆದ ಆ ಬೆನ್ನಿನ ಫೋಟೋ ಕೊಟ್ಟೆ. ಮೊದಲು ಅದು ಫೋಟೋದ ಚೌಕಟ್ಟನ್ನೇ ಸುತ್ತಿ ಬಂತು. ಅದು ಬಿಳಿಯದನ್ನು ಮಾತ್ರ ವಸ್ತುವೆಂದು ಎಣಿಸುತ್ತದೆ, ಬಾಸುಂಡೆಯೋ ಕಪ್ಪು. ಕಪ್ಪು ಬಿಳುಪನ್ನು ಅದಲುಬದಲು ಮಾಡಲು ಮರೆತಿದ್ದೆ. ಸರಿಪಡಿಸಿದ ಮೇಲೆ ಬಾಸುಂಡೆಯ ಅಂಚಿನ ಒಂದೊಂದು ಬಿಂದುವೂ ಎಷ್ಟು ಅಡ್ಡಕ್ಕೆ, ಎಷ್ಟು ಕೆಳಕ್ಕೆ ಇದೆಯೆಂದು ಅಂಕಿಗಳಲ್ಲಿ ಸಿಕ್ಕಿತು. ಆ ಗೆರೆಯನ್ನು ಕಂಬಿಯ ಫೋಟೋದ ಮೇಲಿಟ್ಟೆ, ಕೂಡಲಿಲ್ಲ. ನಿಮ್ಮ ಮಗನ ಬೆಲ್ಟಿನ ಬಕಲ್ಲಿನ ಫೋಟೋದ ಮೇಲಿಟ್ಟೆ. ಅದರ ಮುರಿದ ಮೂಲೆಯೂ ಸೇರಿ ಕೂತಿತು. ಇನ್ನೂ ಕೂರಲು ಬಾರದ ಮಗುವಿಗೆ, ಅಳು ನಿಲ್ಲಿಸಲಿಲ್ಲವೆಂದು, ಬಕಲ್ ತುದಿಯಿಂದ ಬಾರಿಸಿದ್ದಾನೆ.

ನಾಳೆ ಇದನ್ನೆಲ್ಲ ಪೊಲೀಸ್ ಠಾಣೆಗೆ ಕೊಡುತ್ತೇನೆ. ಪಾಪುವಿನ ಕೆಮ್ಮಿನ ಔಷಧಿ, ಉಣ್ಣೆ ಟೋಪಿ ಅಲ್ಲೇ ಉಳಿದಿವೆ. ಅವನು ಕೆಲಸಕ್ಕೆ ಹೋದ ಮೇಲೆ ಅವನ್ನು ನೀವೇ ಠಾಣೆಗೆ ತನ್ನಿ. ಬರುವಾಗ ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಡಿ ಅತ್ತೆ. ನಿಮ್ಮ ಮೊಣಕೈ ಮೇಲಿರುವುದೂ ಅದೇ ಬಕಲ್ಲಿನದೆಂದು ನನಗೆ ಗೊತ್ತು.

ಕಾಯುತ್ತಿರುವ
ನಿಮ್ಮ ಸೊಸೆ