ಅಪ್ಪಣೆ ಕೊಟ್ಟವನು ನಾನೇ

ಚಿ. ಸೌ. ಹಂಸಾಳಿಗೆ ಮಾವನ ಆಶೀರ್ವಾದಗಳು.

ಬಾಲ್ಯದಿಂದ ಉಗ್ಗುತ್ತಿದ್ದ ನಾನು ಹಾಸನದ ಕಾಲೇಜು ಚರ್ಚಾಸ್ಪರ್ಧೆಯಲ್ಲಿ, ವಿದ್ಯುತ್ ಹೋದ ಮೇಲೂ, ಕತ್ತಲೆಯಲ್ಲೇ ಒಂದು ಪದವೂ ತೊಡರದಂತೆ ಮಾತು ಮುಗಿಸಿ ಮೊದಲ ಬಹುಮಾನ ಪಡೆದವನು. ಕಳೆದ ಶನಿವಾರ ಈ ಪರದೇಶದ ನಮ್ಮ ಬಡಾವಣೆ ಫ್ಲ್ಯಾಟ್ ಬುಷ್‌ನ ಕನ್ನಡ ತರಗತಿಯಲ್ಲಿ ಮೊಮ್ಮಗಳು ಕೃತಿಗೂ ಉಳಿದ ಮಕ್ಕಳಿಗೂ ಆ ಕಥೆಯನ್ನೇ ಹೇಳುತ್ತಿದ್ದೆ. ಆಗ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದ್ದ, ನನ್ನ ಹಿಂದಿನ ದೊಡ್ಡ ಪರದೆಯ ಮೂಲೆಯಲ್ಲಿ ಅರೆಬೆತ್ತಲೆ ಜಾಹೀರಾತುಗಳು ಒಂದರ ಮೇಲೊಂದು ಎದ್ದವು. ತಾಯಂದಿರು ತಲೆ ತಗ್ಗಿಸಿದರು. ಇಷ್ಟು ವರ್ಷಗಳ ಮೇಲೆ ನನ್ನ ನಾಲಗೆ ಮತ್ತೆ ಉಗ್ಗಿತು. ಮಾತು ಅಲ್ಲಿಗೇ ನಿಂತಿತು.

ಪಂಚಾಂಗದ ಜಾಲತಾಣಗಳು ನೋಟಿಫಿಕೇಷನ್ ಕಳಿಸಲು ಒಪ್ಪಿಗೆ ಕೇಳಿದಾಗಲೆಲ್ಲ ‘ಅಲೌ’ ಒತ್ತಿದವನು ನಾನೇ. ಹೊಸ್ತಿಲಲ್ಲಿ ನಿಂತು ಅಪ್ಪಣೆ ಬೇಡುವವರನ್ನು ಹಿಂದಕ್ಕೆ ಕಳಿಸುವುದು ನಮ್ಮ ಮನೆಯಲ್ಲಿ ವಾಡಿಕೆಯಿರಲಿಲ್ಲ.

ರಾತ್ರಿಪಾಳಿ ಮುಗಿಸಿ ಬಂದವಳು ಮೊದಲು ಉಪ್ಪಿಟ್ಟು ತಿನ್ನು, ಮುಚ್ಚಿಟ್ಟಿದ್ದೇನೆ.
ಆಮೇಲೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್‌ಗೆ ಒಪ್ಪಿಗೆ ಪಡೆದ ತಾಣಗಳನ್ನೆಲ್ಲ ತೆಗೆದುಹಾಕು.
ವೈರಸ್ ಇದೆಯೆಂದು ಹೆದರಿಸಿದ ಜಾಹೀರಾತನ್ನು ನಂಬಿ ನಾನು ಹಾಕಿಕೊಂಡ ‘ಕ್ಲೀನರ್’ ಅನ್ನೂ ಕಿತ್ತೊಗೆ.
ಕೃತಿಯ ಎದುರಿಗೆ ಲ್ಯಾಪ್‌ಟಾಪ್ ತೆರೆಯಬೇಡ.
ತರಗತಿ ನಡೆಸುವ ಶ್ರೀನಿವಾಸರಿಗೆ ಫೋನ್ ಮಾಡಿ, ಇನ್ನು ಮುಂದೆ ನಾನು ಪಾಠಕ್ಕೆ ಬರುವುದಿಲ್ಲವೆಂದು ತಿಳಿಸು. ಕಾರಣ ಹೇಳಬೇಕಾಗಿಲ್ಲ, ಅವರು ಕಣ್ಣಾರೆ ಕಂಡಿದ್ದಾರೆ.

ನಿನ್ನ ಗಂಡ ಎದ್ದು ನನಗೆ ಬುದ್ಧಿ ಹೇಳುವ ಮೊದಲೇ ಪಾರ್ಕಿನ ಕಡೆ ಹೊರಡಬೇಕೆಂದಿದ್ದೆ. ಆದರೆ ಕೃತಿ ಎದ್ದು ಬಂದು ತೋಳು ಹಿಡಿದು ನಿಂತಿದ್ದಾಳೆ:

“ತಾತಾ, ಕರೆಂಟ್ ಹೋದ ಸ್ಟೋರಿ ಮತ್ತೆ ಹೇಳಿ, ಪ್ಲೀಸ್. ಲಾಸ್ಟ್ ವೀಕ್ ನೀವು ಫಿನಿಶ್ ಮಾಡ್ಲೇ ಇಲ್ಲ.”