ಕಡಲು ಕಾಣದ ಮನೆ

ಯೆಪ್ಪೆ ಅಣ್ಣ,

ಕೊನೆಗೂ ಕೋಪನ್‌ಹೇಗನ್ ಬಿಟ್ಟು ನಮ್ಮೂರಿಗೇ ಬರುತ್ತಿದ್ದೇವೆ. ನೀನು ಕರೆದಾಗಲೆಲ್ಲ ನಾನು ‘ಮುಂದಿನ ಬೇಸಿಗೆಗೆ’ ಎನ್ನುತ್ತಿದ್ದೆ. ನಿನ್ನ ದೋಣಿ ಮರಳಿ ಬಾರದ ಆ ಚಳಿಗಾಲದಿಂದ ಈ ಕಡೆ ತಲೆಯನ್ನೇ ಹಾಕಿರಲಿಲ್ಲ. ಈಗ ನನ್ನ ಗಂಡ ಟೋರ್ಬೆನ್‌ಗೆ ಇಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿದೆ.

ನಿನ್ನೆ ಮಕ್ಕಳನ್ನೂ ಕರೆದುಕೊಂಡು ಎರಡು ಮನೆ ನೋಡಿದೆವು. ಮೊದಲನೆಯದು ಮರಳದಿಬ್ಬದ ಮೇಲಿತ್ತು; ಅಡುಗೆಮನೆಯ ಕಿಟಕಿಯ ತುಂಬ ಕಡಲು. ಪಕ್ಕದ ಮನೆಯ ಇಂಗರ್ ಅಜ್ಜಿ ಬೇಲಿಯಾಚೆಯಿಂದಲೇ ಕೂಗಿದಳು: “ಬಾಗ್ಲು ಗಟ್ಟಿಯಾಗಿ ಹಿಡ್ಕೊಳ್ಳೇ, ಮರೇನೆ! ಇಲ್ದಿದ್ರೆ ಗಾಳಿ ನಿನ್ನ ವಾಪಸ್ ಕೋಪನ್‌ಹೇಗನ್ನಿಗೇ ಹೊತ್ಕೊಂಡು ಹೋಗುತ್ತೆ!”

ಟೋರ್ಬೆನ್ ನಕ್ಕ. ಅವನಿಗೆ ಆ ಮನೆ ಹಿಡಿಸಿಬಿಟ್ಟಿತ್ತು. ನಾನು ಗೋಡೆ ತೇವವಾಗಿದೆ ಎಂದೆ, ಮೆಟ್ಟಿಲು ತೀರಾ ಕಡಿದಾಗಿದೆ ಎಂದೆ.

ಅವನು ಮೆಲ್ಲಗೆ ಕೇಳಿದ: “ನಿಂಗೆ ಮನೆ ಬೇಡ್ವೋ, ಕಡಲು ಬೇಡ್ವೋ?”

ನಾನು ಮಗಳ ಟೋಪಿ ಸರಿಪಡಿಸುತ್ತ ನಿಂತೆ.

ಎರಡನೆಯ ಮನೆ ಊರೊಳಗೆ, ಚರ್ಚಿನ ಹಿಂದೆ. ಹಿತ್ತಿಲಲ್ಲಿ ಸೇಬಿನ ಮರವಿದೆ, ಯಾವ ಕಿಟಕಿಯಿಂದಲೂ ನೀರು ಕಾಣುವುದಿಲ್ಲ. “ಇದೇ ಸಾಕು” ಎಂದೆ. ಅವನು ಎದುರಾಡಲಿಲ್ಲ. ಹಿಂದಿನ ಕೋಣೆಯ ಕಿಟಕಿ ತೆರೆದಾಗ ಮಾತ್ರ ದೂರದಿಂದ ಅಲೆಗಳ ಮೊರೆತ ಕೇಳಿಸಿತು. ನನ್ನ ಮುಖ ನೋಡಿದ ಟೋರ್ಬೆನ್ ಬೇಗನೆ ಅದನ್ನು ಮುಚ್ಚಲು ಹೋದ.

“ಇರ್ಲಿ ಬಿಡು,” ಎಂದೆ. “ಸ್ವಲ್ಪ ಹೊತ್ತು ತೆಗ್ದೇ ಇರ್ಲಿ.”

ಆ ಮನೆಯನ್ನೇ ಗೊತ್ತುಮಾಡಿದ್ದೇವೆ. ಮಕ್ಕಳಿಗೆ ಮುಂದಿನ ದೊಡ್ಡ ಕೋಣೆ ಕೊಡುತ್ತೇವೆ. ಹಿಂದಿನ ಕೋಣೆಯನ್ನು ನನಗೇ ಇರಲಿ ಎಂದು ಕೇಳಿ ಇಟ್ಟುಕೊಂಡಿದ್ದೇನೆ.

ನಿನ್ನ ತಂಗಿ,
ಮರೇನೆ